ವಿಳಾಸಕ್ಕೆ ಕಟ್ಟಿದ ಗುರುತು

ಬಾಯಾರು ಹೋದ ಸುದ್ದಿಯನ್ನು ಅವರ ತಮ್ಮ ತಿಕೋಟಾದಿಂದ ಫೋನ್ ಮಾಡಿ ಹೇಳಿದ. “ಮುಂಜಾನೆ ಚಾ ಮಾಡಿಟ್ಟು ಕುಂತಿದ್ಲರಿ. ಕುಂತಲ್ಲೇ ಹೋಗ್ಯಾಳ,” ಎಂದ. “ನಿಮಗ ಮೊದಲ ಹೇಳಬೇಕು ಅನಿಸ್ತು,” ಎಂದು ಸೇರಿಸಿದ. ನಾನು ಆಫೀಸಿನಲ್ಲಿದ್ದೆ. ಕಿಟಕಿಯ ಪಕ್ಕದಲ್ಲಿ ಅವರು ವರ್ಷಗಟ್ಟಲೆ ಕುಳಿತಿದ್ದ ಜಾಗದಲ್ಲಿ ಈಗ ಬೇರೆ ಯಾರೋ ಕುಳಿತು ಬೇರೆ ಏನನ್ನೋ ಬರೆಯುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ತಮ್ಮ ಹೆಸರು ಎಲ್ಲಾದರೂ ಕಾಣಿಸಿಕೊಂಡರೆ ಅವರಿಗೆ ಮುಜುಗರವಾಗುತ್ತಿತ್ತು. ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಬಾಯಾರು ಎನ್ನುವುದು ರೂಢಿ. ಶಾಲೆ ಬಿಟ್ಟು, ಕಂಪ್ಯೂಟರ್ ಕಲಿತು, ವಿಜಯಪುರದ ನಮ್ಮ ಸಣ್ಣ ಕಂಪನಿಗೆ ಬಂದ ಮೇಲೂ ಆ ಹೆಸರು ಅವರ ಬೆನ್ನು ಬಿಡಲಿಲ್ಲ. ಕಂಪನಿಯ ಮಾಲಕರೂ ಹಾಗೇ ಕರೆಯುತ್ತಿದ್ದರು.

ಅವರು ಎಲ್ಲರಿಗೂ ‘ರಿ’ ಹಚ್ಚಿ ಮಾತನಾಡುತ್ತಿದ್ದರು. ಕಸ ಗುಡಿಸುವ ಹುಡುಗಿಗೆ, ಫೋನಿನಲ್ಲಿ ಬಯ್ಯುವ ಗಿರಾಕಿಗೆ, ಕೊನೆಗೆ ಕಂಪ್ಯೂಟರಿಗೂ. ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ದೋಷ ಬಂದಾಗ ನಾವೆಲ್ಲ ಕೀಲಿಮಣೆ ಕುಟ್ಟುತ್ತಿದ್ದರೆ ಅವರು ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, “ಯಾಕ್ರಿ, ಏನಾತ್ರಿ?” ಎಂದು ಪರದೆಯನ್ನೇ ಕೇಳುತ್ತಿದ್ದರು. ಬಶಿಯಲ್ಲಿ ಸುರಿದುಕೊಂಡೇ ಚಹ ಕುಡಿಯುತ್ತಿದ್ದರು. ಜೋರಾಪುರ ಪೇಟೆಯಲ್ಲಿ ಒಂದು ಹಳೆಯ ಮಾಳಿಗೆ ಮನೆಯ ಎರಡು ಕೋಣೆ ಅವರದು. ಟಿವಿಯ ಪಕ್ಕದಲ್ಲಿ ಸಣ್ಣ ಬುದ್ಧನ ಮೂರ್ತಿ, ಅದರ ಮುಂದೆ ಒಂದು ಮೇಣದ ಬತ್ತಿ. ಮದುವೆಯಾಗಿರಲಿಲ್ಲ. ಭಾನುವಾರ ತಿಕೋಟಾಕ್ಕೆ ಹೋಗಿ ತಮ್ಮನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಸೋಮವಾರ ನಮಗೆಲ್ಲ ಶೇಂಗಾ ಚಟ್ನಿ ತರುತ್ತಿದ್ದರು.

ಸಿಟ್ಟು ಬರುತ್ತಿದ್ದದ್ದು ಒಂದೇ ಮಾತಿಗೆ. “ಹಳ್ಳಿ ಮಂದಿಗೆ ಬಳಸಾಕ ಬರಂಗಿಲ್ರಿ” ಎಂದು ಯಾರಾದರೂ ಅಂದರೆ ಅವರ ಧ್ವನಿ ಸಣ್ಣದಾಗುತ್ತಿತ್ತು. “ನೀವು ಹೋಗಿ ನೋಡೀರೇನು?” ಎನ್ನುತ್ತಿದ್ದರು. ಅಷ್ಟೇ. ಅದಾದ ಮೇಲೆ ದಿನವಿಡೀ ಆ ಮನುಷ್ಯನ ಜೊತೆ ಮಾತಿಲ್ಲ.

ನಗರದ ಒಂದು ಧರ್ಮಾರ್ಥ ಆಸ್ಪತ್ರೆಯವರು ಡಯಾಲಿಸಿಸ್ ಪಾಳಿ ಕಾಯ್ದಿರಿಸುವ ವೆಬ್‌ಸೈಟನ್ನು ನಮ್ಮ ಕೈಗೆ ಕೊಟ್ಟರು. ಬೇರೆ ಯಾರೋ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಬಿಟ್ಟುಹೋದ ಹಳೆಯ ಕೆಲಸ. ಕಿಡ್ನಿ ಕೆಟ್ಟವರು ಬಹಳ, ಯಂತ್ರಗಳು ಕಡಿಮೆ. ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿಕೊಂಡು ಉಸಿರಿಗೇ ಕುತ್ತು ಬರುತ್ತದೆ. ನಮಗೆ ಬಂದ ದೂರು ವಿಚಿತ್ರವಾಗಿತ್ತು. ಸ್ವಂತ ಫೋನಿನಿಂದ ಪಾಳಿ ಹಿಡಿಯುವ ನಗರದವರಿಗೆ ತೊಂದರೆ ಇಲ್ಲ. ಬಬಲೇಶ್ವರ, ತಿಕೋಟಾ ಕಡೆಯ ಆನ್‌ಲೈನ್ ಅಂಗಡಿಗಳಿಂದ ಹಿಡಿಯುವವರಿಗೆ ಮಾತ್ರ ನಡುವೆಯೇ ಕೈ ತಪ್ಪುತ್ತದೆ. ನಮ್ಮ ಆಫೀಸಿನಲ್ಲಿ ಎಷ್ಟು ಸಲ ನೋಡಿದರೂ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು.

“ಇಲ್ಲಿ ಕುಂತು ಏನ ತಿಳೀತೈತಿ? ನಡೀರಿ,” ಎಂದು ಬಾಯಾರು ನನ್ನನ್ನು ಬಬಲೇಶ್ವರದ ಬಸ್ಸು ಹತ್ತಿಸಿದರು.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಮಮದಾಪುರದ ಹೆಂಗಸೊಬ್ಬಳು ಅಂಗಡಿಯವನ ಬೆನ್ನ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದಳು. ಹೊರಗಿನ ಬೆಂಚಿನ ಮೇಲೆ ಕಂಬಳಿ ಹೊದ್ದು ಕುಳಿತವನು ಅವಳ ಗಂಡ. ಕುರಿ ಕಾಯುತ್ತಿದ್ದವನು, ವಯಸ್ಸು ಹೆಚ್ಚಿಲ್ಲ, ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಬಾಯಾರು ನಿಂತದ್ದನ್ನು ನೋಡಿ ಸರಿದು ಜಾಗ ಮಾಡಿದ. “ಕೂಡ್ರಿ ಅಕ್ಕಾರ. ನಿಂತ ನಿಂತ ನನ್ನಂಗ ನಿಮಗೂ ಕಾಲಿಗೆ ಬಾವು ಬಂದೀತು,” ಎಂದು ನಕ್ಕ.

ಒಳಗೆ ಅವನ ಹೆಂಡತಿಗೆ ನಗುವ ಸ್ಥಿತಿ ಇರಲಿಲ್ಲ. “ಹೆಸರು ಬರೀತಾನ, ಊರು ಬರೀತಾನ. ವ್ಯಾಳೆ ಆರಿಸೋಣು ಅನ್ನೂದ್ರಾಗ ಮತ್ತ ನೀವ್ಯಾರು ಅಂತ ಕೇಳತೈತಂತ. ಎಷ್ಟು ಸಲ ಹೇಳೂದ್ರಿ ನಾವ್ಯಾರು ಅಂತ?” ಎಂದಳು.

ಬಾಯಾರು ಆ ಕಂಪ್ಯೂಟರಿನ ಮುಂದೆ ಕುಳಿತು ಏನೇನೋ ತೆರೆದು ನೋಡಿದರು. ಅಂಗಡಿಯವನೇ ವಿವರಿಸಿದ. ಹಿಂದೊಮ್ಮೆ ಒಬ್ಬರ ಪಿಂಚಣಿಯ ಪುಟ ಇನ್ನೊಬ್ಬರಿಗೆ ತೆರೆದು ಅಂಗಡಿಯಲ್ಲಿ ಹೊಡೆದಾಟವೇ ಆಗಿತ್ತಂತೆ. “ಅವತ್ತಿನಿಂದ ಏನೂ ನೆನಪಿಡಬ್ಯಾಡ ಅಂತ ಮಷೀನಿಗೆ ಹೇಳಿ ಇಟ್ಟೇನ್ರಿ. ತಿಕೋಟಾದಾವ್ರಿಗೂ ನಾನ ಹೇಳಿಕೊಟ್ಟೇನಿ,” ಎಂದ.

ಸಮಸ್ಯೆ ಅದೇ ಆಗಿತ್ತು. ಮರಳುವಾಗ ಬಸ್ಸಿನಲ್ಲಿ ಬಾಯಾರು ನನಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. “ಪುಟ ಕಳಿಸೂ ಸರ್ವರ್ ಕಂಪ್ಯೂಟರಿಗೆ ಮಾರಿ ಗುರ್ತ ಇರಂಗಿಲ್ರಿ. ಒಂದು ಪುಟ ಕೊಟ್ಟು ಮರೀತೈತಿ. ಅದಕ್ಕ ಬಂದಾವ್ರ ಕೈಯಾಗ ಒಂದು ಗುರುತಿನ ಚೀಟಿ ಕೊಡತೈತಿ, ಕುಕಿ ಅಂತಾರಲ್ಲ, ಅದು. ಮುಂದಿನ ಸಲ ಚೀಟಿ ತೋರಿಸಿದ್ರ, ಓಹೋ ಇವ್ರ, ಅಂತೈತಿ. ಈ ಅಂಗಡಿಯಾಂವ ಚೀಟಿ ಇಟ್ಟುಕೊಳ್ಳೂ ಕಿಸೆನ ಹೊಲಿದುಬಿಟ್ಟಾನ. ಅದಕ್ಕ ಪ್ರತಿ ಪುಟಕ್ಕೂ ಇವ್ರು ಹೊಸಬ್ರು.”

“ಹಂಗಾದ್ರ ಕಿಸೆ ಬಿಚ್ಚು ಅಂತ ಹೇಳಬಹುದಲ್ರಿ,” ಎಂದೆ.

“ಎಷ್ಟು ಅಂಗಡಿಗೆ ಹೇಳ್ತೀರಿ? ಅಂವ ಹೆದರಿದ್ದೂ ಸುಳ್ಳಲ್ಲ. ಚೀಟಿ ಕಿಸೆದಾಗ ಇಡಾಕ ಆಗಲಿಲ್ಲಂದ್ರ ವಿಳಾಸಕ್ಕ ಕಟ್ಟೂದು.”

ವೆಬ್ ಪುಟದ ವಿಳಾಸದ ತುದಿಗೆ ಆ ವ್ಯಕ್ತಿಯ ಸೆಷನ್ ಸಂಖ್ಯೆಯನ್ನು, ಅಂದರೆ ಆ ಚೀಟಿಯ ಮೇಲಿನ ಸಂಖ್ಯೆಯನ್ನೇ, ಅಂಟಿಸುವುದು ಜಾವಾದಲ್ಲಿ ಹಳೆಯ ಪದ್ಧತಿ. ಆಗ ಪ್ರತಿ ಸಲ ಒತ್ತುವ ಲಿಂಕೇ ಒತ್ತಿದವರು ಯಾರೆಂದು ಸರ್ವರ್‌ಗೆ ಹೇಳುತ್ತದೆ. ಆದರೆ ಪುಟದಲ್ಲಿರುವ ಒಂದೊಂದು ಲಿಂಕನ್ನೂ, ಒಂದೊಂದು ಅರ್ಜಿಯನ್ನೂ ತಿದ್ದಿ ಬರೆಯಬೇಕು. ಬಾಯಾರು ಎಲ್ಲವನ್ನೂ ಒಬ್ಬರೇ ತಿದ್ದಿದರು. ಸಹಾಯಕ್ಕೆ ಹೋದರೆ, “ಬ್ಯಾಡ್ರಿ, ಒಂದು ಲಿಂಕ್ ಬಿಟ್ಟುಹೋದ್ರೂ ಅಲ್ಲಿಗೆ ಬಂದಾವ್ರು ಮತ್ತ ಪರದೇಶಿ ಆಗ್ತಾರ,” ಎನ್ನುತ್ತಿದ್ದರು. ಮುಗಿದ ಮೇಲೆ ತಿಕೋಟಾದ ಅಂಗಡಿಗೆ ಹೋಗಿ ಪರೀಕ್ಷಿಸಿದರು. ಅಲ್ಲಿ ಒಬ್ಬ ಮುದುಕಿ ಗಂಟು ಬಿಚ್ಚಿ ಆಧಾರ್ ಕಾರ್ಡ್ ಹುಡುಕುವಷ್ಟರಲ್ಲಿ ಸೆಷನ್‌ನ ಅವಧಿ ಮುಗಿದು ಹೊರಗೆ ಬಿದ್ದಳು. ಬಾಯಾರು ಬಂದು ಅವಧಿಯನ್ನು ಉದ್ದ ಮಾಡಿದರು.

ಅದರಲ್ಲಿರುವ ಅಪಾಯ ಅವರಿಗೆ ಗೊತ್ತಿತ್ತು. “ವಿಳಾಸ ಇನ್ನೊಬ್ಬರ ಕೈಗೆ ಸಿಕ್ರ, ಅವಧಿ ಮುಗಿಯೂ ತನಕ, ಅವ್ರು ಇವ್ರಾಗಿ ಒಳಗ ಬರ್ತಾರ್ರಿ. ಕೀಲಿ ಬಾಗಿಲದಾಗ ಬಿಟ್ಟಂಗ,” ಎಂದಿದ್ದರು. ಪಾಳಿ ಹಿಡಿಯುವ, ಬದಲಿಸುವ ಮುನ್ನ ಫೋನಿಗೆ ಒಂದು ಒಟಿಪಿ ಸಂಕೇತ ಕಳಿಸಿ ಕೇಳಬೇಕೆಂದು ಅದನ್ನೂ ಬರೆದಿದ್ದರು. ಮಮದಾಪುರದ ಕಡೆ ಆ ಮೆಸೇಜ್ ಬರುವಷ್ಟರಲ್ಲಿ ಪಾಳಿಗಳು ಮುಗಿದುಹೋಗುತ್ತಿದ್ದವು. ಬೇರೆ ದಾರಿ ಹುಡುಕುವ ತನಕ ಅದನ್ನು ತೆಗೆದಿಟ್ಟರು. ಅಂಗಡಿಯವರಿಗೆಲ್ಲ ಫೋನ್ ಮಾಡಿ, ಈ ಪುಟದ ಲಿಂಕನ್ನು ಯಾರಿಗೂ ಕಳಿಸಬೇಡಿ ಎಂದು ಹೇಳಿದರು. ಹಳ್ಳಿಯವರಿಗೆ ಪಾಳಿ ಸಿಗತೊಡಗಿತು. ಆ ವಾರ ಬಾಯಾರು ಚಟ್ನಿಯ ಜೊತೆ ಹೋಳಿಗೆಯನ್ನೂ ತಂದಿದ್ದರು.

ಸ್ವಲ್ಪ ಕಾಲ ಎಲ್ಲ ಸರಿಯಾಗಿತ್ತು. ಒಂದು ಮುಂಜಾನೆ ಆಸ್ಪತ್ರೆಯ ಕೌಂಟರಿನಿಂದ ಫೋನ್ ಬಂತು. ಮಮದಾಪುರದವರೊಬ್ಬರು ಪಾಳಿ ಇದೆ ಎಂದು ಬಂದು ಜಗಳ ಮಾಡಿದರು, ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ, ಒಮ್ಮೆ ನೋಡಿ ಹೇಳಿ ಎಂದರು. ಬಾಯಾರು ಸರ್ವರಿನ ದಾಖಲೆ ತೆರೆದರು. ಹಿಂದಿನ ದಿನ ಬಬಲೇಶ್ವರದ ಅಂಗಡಿಯಿಂದ ಕುರಿಗಾರನ ಹೆಸರಿನಲ್ಲಿ ಪಾಳಿ ಹಿಡಿದಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಸೆಷನ್ ಸಂಖ್ಯೆಯಿಂದ, ಬೇರೆ ಊರಿನ ಬೇರೆ ಫೋನಿನಿಂದ, ಹೆಸರು ಬದಲಾಗಿತ್ತು.

ಅವರು ಪರದೆಗೆ ಏನನ್ನೂ ಕೇಳಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರು. “ಲಿಂಕ್ ಭಾಳ ಚಲೋ ನಡ್ಯಾಕತ್ತಿತ್ರಿ. ಪೇಷಂಟ್ ಮಂದೀದು ಒಂದು ವಾಟ್ಸಾಪ್ ಗ್ರೂಪ್ ಐತಿ, ಅದ್ರಾಗ ಹಾಕೀನಿ. ಪಾಪ, ಎಲ್ಲಾರಿಗೂ ಅನುಕೂಲ ಆಗಲಿ ಅಂತ,” ಎಂದ ಅವನು.

ಬಾಯಾರು ಫೋನ್ ಇಟ್ಟು, “ಗಾಡಿ ತಗೀರಿ,” ಎಂದರು.

ನನ್ನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋದೆವು. ಗಂಡ ಹೆಂಡತಿ ಹೊರಟುಹೋಗಿದ್ದರು. ನಾಳೆ ಬನ್ನಿ ಎಂದು ಕೌಂಟರಿನವಳು ಕಳಿಸಿಬಿಟ್ಟಿದ್ದಳು. ಹೆಂಡತಿಯ ಫೋನ್ ಹತ್ತುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ಸು ಹೊರಟಾಗಿತ್ತು. ಅದರ ಹಿಂದೆಯೇ ಹೊರಟೆವು. ದಾರಿಯಲ್ಲಿ ಬಾಯಾರು ನನ್ನ ಹೆಗಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ತೋಳು ಮರಗಟ್ಟಿತು. ಎದುರಿಗೆ ಲಾರಿ ಬಂದರೂ ನಿಧಾನ ಮಾಡಿ ಎನ್ನಲಿಲ್ಲ. ನಡುವೆ ಒಮ್ಮೆ ಮಾತ್ರ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, “ಅವಧಿ ನಾನ ಉದ್ದ ಮಾಡಿದೆ,” ಎಂದರು.

ಬಬಲೇಶ್ವರದ ನಿಲ್ದಾಣದಲ್ಲಿ ಮಮದಾಪುರದ ಬಸ್ಸಿಗೆ ಕಾಯುತ್ತ ಗಂಡ ಹೆಂಡತಿ ಸಿಕ್ಕರು. ಅವನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುಳಿತು, ಮುಂದೆ ಬಾಗಿ, ಎರಡೂ ಕೈಯಿಂದ ಕಲ್ಲು ಬೆಂಚಿನ ಅಂಚು ಹಿಡಿದು ಉಸಿರೆಳೆಯುತ್ತಿದ್ದ. ಬಾಯಾರನ್ನು ಕಂಡು ಗುರುತು ಹಿಡಿದು ಸರಿಯಲು ನೋಡಿದ. ಆಗಲಿಲ್ಲ.

“ನಡೀರಿ, ಪಾಳಿ ಐತಿ,” ಎಂದರು ಬಾಯಾರು.

“ಹೆಸರಿಲ್ಲ ಅಂದ್ರಲ್ರಿ?” ಎಂದಳು ಹೆಂಡತಿ.

“ಐತಿ. ನಡೀರಿ ಬೇ, ಮಾತ ಬ್ಯಾಡ.”

ಯಾರಿಗೂ ಅವರು ಹೀಗೆ ಸಲಿಗೆಯಿಂದ ‘ಬೇ’ ಎಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಒಂದು ಜೀಪು ಹಿಡಿದೆವು. ಒಳಗೆ ಬಾಯಾರು ಅವನ ಕಾಲುಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾನು ಹಿಂದೆ ಸ್ಕೂಟರಿನಲ್ಲಿದ್ದೆ. ಜೀಪಿನ ಹಿಂಬದಿಯ ಗಾಜಿನಲ್ಲಿ ಅವರ ತಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುವುದು ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಪಾಳಿ ಇರಲಿಲ್ಲ. ಎಲ್ಲ ಯಂತ್ರಗಳಲ್ಲೂ ರೋಗಿಗಳಿದ್ದರು. ಅವನನ್ನು ತುರ್ತು ಕೋಣೆಗೆ ಸೇರಿಸಿಕೊಂಡು ಆಮ್ಲಜನಕ ಹಚ್ಚಿದರು. ಬಾಯಾರು ಡಾಕ್ಟರ ಹಿಂದೆ, ನರ್ಸುಗಳ ಹಿಂದೆ, ಯಂತ್ರ ನಡೆಸುವವರ ಹಿಂದೆ ತಿರುಗಿದರು. ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿದರು. ಎಲ್ಲೂ ಖಾಲಿ ಇರಲಿಲ್ಲ. ಯಂತ್ರದ ಮೇಲಿರುವವರನ್ನು ನಡುವೆ ಇಳಿಸಲು ಬರುವುದಿಲ್ಲ. ಅವರೂ ಅದೇ ರೋಗದವರೇ.

ಡಯಾಲಿಸಿಸ್ ಕೋಣೆಯ ಹೊರಗೆ ಒಬ್ಬ ಬುತ್ತಿ ಹಿಡಿದು ನಿಂತಿದ್ದ. ಅರಕೇರಿಯವನೆಂದು ಇಟ್ಟುಕೊಳ್ಳೋಣ, ಅವನ ಊರನ್ನು ಬೇಕೆಂದೇ ಬದಲಿಸಿದ್ದೇನೆ. ಬಾಯಾರ ಓಡಾಟ ನೋಡಿ ಆಸ್ಪತ್ರೆಯವರೆಂದು ತಿಳಿದು ಮಾತಿಗೆ ಬಂದ. ಒಳಗೆ ಅವನ ತಾಯಿ ಯಂತ್ರದ ಮೇಲಿದ್ದಳು. “ಭಾಳ ಒದ್ದಾಡಿದ್ವಿರಿ ಪಾಳಿ ಸಲುವಾಗಿ. ನಿನ್ನೆ ಗ್ರೂಪಿನ್ಯಾಗ ಲಿಂಕ್ ಬಂತು. ಒತ್ತಿದೆ, ಯಾರ್ದೋ ಹೆಸರಿತ್ತು, ಅದನ್ನ ಅಳಿಸಿ ಅವ್ವಂದು ಹಾಕಿದೆ, ಸಿಕ್ಕೇಬಿಟ್ತು,” ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಮಾದರಿಗೆಂದು ಯಾವುದೋ ಹೆಸರು ಬರೆದಿರುತ್ತಾರೆಂದು ಅವನು ತಿಳಿದಿದ್ದ.

ಬಾಯಾರು ಅವನನ್ನೇ ನೋಡುತ್ತ ನಿಂತರು. ನಾನು ಬಾಯಿ ತೆರೆಯುವುದರಲ್ಲಿದ್ದೆ. ಅವರು ನನ್ನ ಮೊಣಕೈ ಒತ್ತಿದರು.

“ಚಲೋ ಆತ್ರಿ. ತಾಯಿನ್ನ ಚಲೋತ್ನ್ಯಾಗ ನೋಡ್ಕೊಳ್ರಿ,” ಎಂದರು.

ಕಾರಿಡಾರಿನ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದರು. “ಅವರಿಗೆ ಎಂದೂ ಹೇಳಬ್ಯಾಡ್ರಿ. ತಾಯಿ ಸಲುವಾಗಿ ಒಂದು ಬಟನ್ ಒತ್ತ್ಯಾರ. ಗೊತ್ತಾದ್ರ ಆ ಮನಿಶ್ಯಾ ಇನ್ನ ತಾಯಿ ಮಾರಿ ನೋಡಿದಾಗೆಲ್ಲ ಇದನ್ನ ನೆನಸ್ತಾನ. ಬಟನ್ ಹಂಗ ಇಟ್ಟಾಕಿ ನಾನು.”

ಮಧ್ಯಾಹ್ನ ಒಂದು ಯಂತ್ರ ಖಾಲಿಯಾಯಿತು. ಹಚ್ಚಿದರು. ರಕ್ತ ಶುದ್ಧವಾಗುತ್ತಿರುವಾಗಲೇ ಅವನ ಹೃದಯ ನಿಂತಿತು. ಮುಂಜಾನೆಯೇ ಹಚ್ಚಿದ್ದರೆ ಉಳಿಯುತ್ತಿದ್ದನೇ ಎಂದು ಬಾಯಾರು ಡಾಕ್ಟರನ್ನು ಕೇಳಿದರು. ಹೃದಯ ಮೊದಲೇ ದುರ್ಬಲವಾಗಿತ್ತು, ಹಾಗೆಲ್ಲ ಹೇಳಲು ಬರುವುದಿಲ್ಲ ಎಂದರು ಅವರು. ಬಾಯಾರು ಮತ್ತೆ ಕೇಳಿದರು. ಡಾಕ್ಟರು ಒಳಗೆ ಹೋದರು.

ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. “ಮುಂಜಾನೆ ಹೆಸರಿಲ್ಲ ಅಂದ್ರು. ಮಧ್ಯಾಹ್ನ ಎಲ್ಲಿಂದ ಬಂತ್ರಿ?” ಎಂದು ಕೇಳಿದಳು.

ಮರುದಿನ ಮಾಲಕರು ನಮ್ಮನ್ನು ಕರೆಸಿ, ತಪ್ಪು ಅಂಗಡಿಯವನದು, ನಮ್ಮದಲ್ಲ ಎಂದರು. ವಿಳಾಸಕ್ಕೆ ಸೆಷನ್ ಕಟ್ಟುವ ಕೆಲಸವನ್ನೇ ಪೂರ್ತಿ ಕಿತ್ತುಹಾಕಿ ಎಂದರು. ಬಾಯಾರು ಎದ್ದು ನಿಂತು ಮಾತನಾಡಿದರು. “ಕಿತ್ರ ಆ ಹಳ್ಳಿಯಾವ್ರಿಗೆ ಮತ್ತ ಬಾಗಿಲ ತೆರಿಯಂಗಿಲ್ರಿ. ಇಟ್ರ ಒಬ್ಬರ ಮನ್ಯಾಗ ಇನ್ನೊಬ್ಬರು ಹೊಗತಾರ. ಎರಡರಾಗೂ ಜೀವ ಹೋಗತಾವ. ನನಗ ಒಂದೀಟು ಟೈಮ್ ಕೊಡ್ರಿ. ಮುಗಿಸಿಕೊಟ್ಟು ಹೋಗತೇನಿ.” ಹೋಗುತ್ತೇನೆ ಎಂಬ ಮಾತನ್ನು ಮಾಲಕರು ಆಗ ಗಮನಿಸಲಿಲ್ಲ.

ಆ ದಿನಗಳ ಬಾಯಾರನ್ನು ನೆನೆಯಲು ನನಗೆ ಈಗಲೂ ಕಷ್ಟ. ಊಟದ ಡಬ್ಬಿ ತೆರೆಯುತ್ತಿರಲಿಲ್ಲ. ಬಶಿಯ ಚಹದ ಮೇಲೆ ಕೆನೆ ಕಟ್ಟುತ್ತಿತ್ತು. ಬರೆದದ್ದನ್ನು ಅಳಿಸಿ, ಮತ್ತೆ ಬರೆದು, ನನ್ನನ್ನು ಕರೆದು, “ನೀವು ಕಳ್ಳ ಆಗ್ರಿ. ಇವರ ಪಾಳಿ ಕದೀರಿ, ನೋಡೋಣು,” ಎನ್ನುತ್ತಿದ್ದರು. ನಾನು ಲಿಂಕ್ ನಕಲು ಮಾಡಿ ನನ್ನ ಫೋನಿನಿಂದ ಒಳಗೆ ಹೋಗಲು ನೋಡುತ್ತಿದ್ದೆ. ಹೋಗಲು ಆದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ಮಾಡಿ ಮುಗಿಸಿದರು. ಒಳಗೆ ಬಂದ ಕೂಡಲೇ ಸಂಖ್ಯೆ ಬದಲಾಗಿ ಹಳೆಯದು ಸಾಯುತ್ತದೆ. ಬೇರೆ ಫೋನು, ಕಂಪ್ಯೂಟರಿನಿಂದ ಆ ಲಿಂಕ್ ತೆರೆದರೆ ಖಾಲಿ ಪುಟ ಬರುತ್ತದೆ. ಒಮ್ಮೆ ಹಿಡಿದ ಪಾಳಿಯನ್ನು ಬದಲಿಸಲು, ಹಿಡಿದಾಗ ಅವರೇ ಆರಿಸಿಕೊಂಡ ಒಂದು ಗುಟ್ಟಿನ ಮಾತು ಹೇಳಲೇಬೇಕು. ಮೆಸೇಜಿಗೆ ಕಾಯುವ ಹಂಗಿಲ್ಲ. ಅದು ಇಂದಿಗೂ ನಡೆಯುತ್ತಿದೆ. ಒಬ್ಬರ ಪಾಳಿ ಇನ್ನೊಬ್ಬರಿಗೆ ಹೋದದ್ದು ಆಮೇಲೆ ಇಲ್ಲ.

“ಇಷ್ಟ ಇತ್ತು ನೋಡ್ರಿ,” ಎಂದರು ಮುಗಿದ ದಿನ. “ಮೊದಲ ಹೊಳೀಬೇಕಿತ್ತು.”

ಕೆಲಸ ಬಿಡುವ ಮುನ್ನ ಮಮದಾಪುರಕ್ಕೆ ಹೋಗಬೇಕೆಂದರು. ನಾನು ಬೇಡವೆಂದೆ. ಕೇಳಲಿಲ್ಲ. ಕೆರೆಯ ಏರಿಯ ಕೆಳಗೆ ಆ ಮನೆ. ಹೆಂಡತಿ ಕುರಿಗಳಿಗೆ ನೀರು ಕುಡಿಸಿ ಬಂದು ಬಾಗಿಲಲ್ಲಿ ನಿಂತಳು. ಬಾಯಾರು ನಿಂತೇ ಎಲ್ಲ ಹೇಳಿದರು. ಸೆಷನ್, ಲಿಂಕ್ ಎಂಬ ಮಾತುಗಳನ್ನು ಬಳಸಲಿಲ್ಲ. ಅರಕೇರಿಯವನ ಸುದ್ದಿ ಎತ್ತಲಿಲ್ಲ. ನಿಮ್ಮ ಹೆಸರು ಬರೆದಿತ್ತು, ಅದು ಅಳಿಸಿ ಹೋಗುವ ಹಾಗೆ ನಾನು ಇಟ್ಟಿದ್ದೆ, ತಪ್ಪು ನನ್ನದು ಎಂದರು.

ಅವಳು ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಒಂದು ಚೆಂಬು ನೀರು ತಂದು ಕೊಟ್ಟಳು.

“ಅವತ್ತು ನಮ್ಮ ಹಿಂದ ಓಡಿ ಬಂದಾವ್ರು ನೀವ. ಅದಕ್ಕ ನೀರ ಕೊಟ್ಟೇನಿ,” ಎಂದಳು. “ಇದನ್ನ ನನಗ ಯಾಕ ಹೇಳಿದ್ರಿ? ಹಣೆಬರಹ ಅಂತ ತಿಳ್ಕೊಂಡಿದ್ದೆ. ಹೆಂಗರ ನಿದ್ದಿ ಬರಾಕತ್ತಿತ್ತು. ಈಗ ನೀವು ಹಗುರ ಆದ್ರಿ. ನಾ ಎಲ್ಲಿ ಇಡ್ಲಿ ಇದನ್ನ?”

ಬಾಯಾರು ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು.

“ಇನ್ನೊಮ್ಮೆ ಬರಬ್ಯಾಡ್ರಿ,” ಎಂದಳು ಅವಳು. ಸಿಟ್ಟಿನಿಂದಲ್ಲ, ದಣಿದ ಧ್ವನಿಯಲ್ಲಿ. “ನೀವು ಬಂದ್ರ ಅಂವ ಮತ್ತ ಸಾಯ್ತಾನ.”

ಬಾಯಾರು ಮತ್ತೆ ಆ ಕಡೆ ಹೋಗಲಿಲ್ಲ. ಕೆಲಸ ಬಿಟ್ಟು, ಜೋರಾಪುರ ಪೇಟೆಯ ಕೋಣೆಗಳನ್ನು ಖಾಲಿ ಮಾಡಿ ತಿಕೋಟಾಕ್ಕೆ ಹೋದರು. ಕಂಪ್ಯೂಟರ್ ಮುಟ್ಟಲಿಲ್ಲ. ನಾನು ಹೋದಾಗ ಸೌತೆಕಾಯಿ ಹೆಚ್ಚಿ ಕೊಡುತ್ತಿದ್ದರು, ನನ್ನ ಮಕ್ಕಳ ಸುದ್ದಿ ಕೇಳುತ್ತಿದ್ದರು. ಆಫೀಸಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಒಮ್ಮೆ ಮಾತ್ರ, ನಾನು ಹೊರಡುವಾಗ, ಬಾಗಿಲಿನ ತನಕ ಬಂದು ಕೇಳಿದರು. “ಆಕಿ ಮಾತು ಖರೇ ಏನ್ರಿ? ನಾ ಹಗುರ ಆಗಾಕ ಹೋಗಿದ್ನ್ಯಾ?”

ಇಲ್ಲ ಎಂದೆ. ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುವವರ ಮಾತು ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು.

ತಿಕೋಟಾದಲ್ಲಿ ಅವರ ನೆನಪಿನ ಸಭೆ ಇಟ್ಟಿದ್ದರು. ಬುದ್ಧವಂದನೆ ಆಯಿತು. ಅವರಲ್ಲಿ ಕಲಿತವರು ಬಂದಿದ್ದರು, ಆಸ್ಪತ್ರೆಯ ರೋಗಿಗಳ ಕಡೆಯವರೂ ಕೆಲವರು. ಎಲ್ಲ ಮುಗಿದು ಮಂದಿ ಚಪ್ಪಲಿ ಹುಡುಕುತ್ತಿರುವಾಗ ಒಬ್ಬ ನನ್ನ ಬಳಿಗೆ ಬಂದ. ಕೂದಲು ಸ್ವಲ್ಪ ಬಿಳಿಯಾಗಿತ್ತು. ಮಾತು ಶುರುವಾದ ಮೇಲೆ ಗುರುತು ಹತ್ತಿತು, ಅರಕೇರಿಯವನು.

“ನೀವು ಅವರ ಜೋಡಿ ಇದ್ರಿ ಅವತ್ತು, ನೆನಪೈತಿ,” ಎಂದ. “ಆ ಪಾಳಿ ವೆಬ್‌ಸೈಟ್ ಬಾಯಾರ ಮಾಡಿದ್ದು ಅಂತ ಆಮ್ಯಾಲೆ ಗೊತ್ತಾತ್ರಿ. ಅವತ್ತ ಪಾಳಿ ಸಿಗಲಿಲ್ಲಂದ್ರ ನಮ್ಮವ್ವ ಇರ್ತಿದ್ದಿಲ್ಲ. ಡಾಕ್ಟರ ಅಂದಿದ್ರು. ಬಾಯಾರಿಗೆ ಒಮ್ಮೆ ಹೇಳಬೇಕು, ಹೇಳಬೇಕು ಅಂತ ಹಂಗ ಉಳೀತು.”

ಅವನ ತಾಯಿ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ಸಣ್ಣ ಜೀವ. ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟಾದ ನರ ಇಷ್ಟು ದೂರಕ್ಕೂ ಕಾಣುತ್ತಿತ್ತು.

“ಅವರಿಗೆ ಗೊತ್ತಿತ್ತೇನ್ರಿ?” ಎಂದು ಕೇಳಿದ. “ನಮ್ಮವ್ವ ಅವರಿಂದ ಉಳಿದಾಳ ಅಂತ?”

“ಗೊತ್ತಿತ್ರಿ,” ಎಂದೆ.

ಅವನ ಮುಖ ಬೆಳಗಿತು. ಹೋಗಿ ತಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಅವಳ ಕಾಲಿಗೆ ಚಪ್ಪಲಿ ಹಾಕಿ, ನಿಧಾನವಾಗಿ ಕೈ ಹಿಡಿದು ಎಬ್ಬಿಸಿದ.